ಪುಟ ಹಿಂದಕ್ಕೆ ತಿರುಗಿಸಿ

ಜೂನ್ ೯, ಭಾನುವಾರ. ಸಂಜೆ

ಇಂದು ಬೆಳಿಗ್ಗೆ ಹತ್ತೂವರೆಗೆ, ತುಂಬಿದ ಸಭೆಯ ಎದುರು, ಗುರುದ್ವಾರದ ಕಮಿಟಿ ನನ್ನ ಹೆಂಡತಿಯ ಕೂದಲಿನ ಮೇಲೆ ತೀರ್ಪು ಕೊಟ್ಟಿತು. ದಿನ, ಹೊತ್ತು ಎರಡನ್ನೂ ಬರೆದಿಟ್ಟಿದ್ದೇನೆ. ನಾಳೆ "ಹಾಗೆ ಯಾರ್ರೀ ಅಂದಿದ್ದು?" ಅನ್ನುವ ಪೈಕಿ ಅವರು.

ಬೆಳಿಗ್ಗೆ ಎಲ್ಲ ಎಂದಿನಂತೆಯೇ ಇತ್ತು. ಮಾತ್ರೆ. ಗಾಯದ ಗೆರೆಗೆ ಎಣ್ಣೆ. ಆಮೇಲೆ ತಲೆ ಬಾಚುವುದು — ಅದು ಈಗ ನನ್ನ ಪಾಲಿನ ಕೆಲಸ, ಇವಳ ಎಡಗೈ ಇನ್ನೂ ಮೇಲೇರುವುದಿಲ್ಲ. ಫೆಬ್ರುವರಿಯಲ್ಲಿ ಮೆದುಳಿನ ಗಡ್ಡೆಯ ಆಪರೇಷನ್ನಿಗೆ ಬಲಗಡೆ ಅರ್ಧ ತಲೆ ಬೋಳಿಸಿದ್ದರು. ಎಡಗಡೆ ಸೊಂಟದವರೆಗೆ ಜಡೆ ಹಾಗೇ ಉಳಿದಿದೆ. ಕನ್ನಡಿ ನೋಡಿ ಇವಳೇ ಅಂದಳು:

"ಈ ಕಡೆ ಸಂಸಾರ, ಆ ಕಡೆ ಸನ್ಯಾಸ. ಯಾವ ಕಡೆ ನಿಂತು ಮಾತಾಡ್ತೀರಿ ಹೇಳಿ, ಆ ಕಡೆಯಿಂದ ಉತ್ತರ ಕೊಡ್ತೀನಿ."

ನಗುತ್ತಲೇ ದುಪಟ್ಟಾ ಹೊದ್ದು ಹೊರಟಳು. ಮತ್ತೆ ಗ್ರಂಥದ ಹಿಂದೆ ಕೂತು ಓದುವ ದಿನ ಗೊತ್ತುಮಾಡಿಕೊಂಡು ಬರೋಣ ಅಂತ ಹೋದದ್ದು. ಇಪ್ಪತ್ತೆರಡು ವರ್ಷ ಭಾನುವಾರದ ಓದು ಇವಳದೇ. ಸಂಬಳವಿಲ್ಲ, ಸಾರಿಗೆ ಖರ್ಚೂ ಇಲ್ಲ.

ಪ್ರಾರ್ಥನೆ ಮುಗಿಯಿತು. ಕಾರ್ಯದರ್ಶಿ ಮೈಕ್ ಹಿಡಿದ. ಅಮೃತ ತೆಗೆದುಕೊಂಡವರು — ಅಂದರೆ ದೀಕ್ಷೆ ಪಡೆದವರು — ಕೂದಲಿಗೆ ಕತ್ತರಿ ತಾಗಿಸುವುದಿಲ್ಲ ಎಂದು ಮಾತು ಕೊಟ್ಟಿರುತ್ತಾರೆ. "ನಮ್ಮ ಅಕ್ಕನ ವಿಷಯದಲ್ಲಿ ಆ ಮಾತು ಮುರಿದಿದೆ. ಕಾರಣ ಏನೇ ಇರಲಿ. ನಾವು ಹೇಳೋದು ಬೇಡ, ಗುರುಗಳನ್ನೇ ಕೇಳೋಣ" ಅಂದ.

ವಾದ ಒಪ್ಪಿಸುವಾಗ ಮೊದಲಿನಿಂದ ಹೇಳುವುದು ನನ್ನ ಅಭ್ಯಾಸ, ಕೇಳುವವರು ಯಾರೂ ಇಲ್ಲದಿದ್ದರೂ. ನಮ್ಮಲ್ಲಿ ಗ್ರಂಥವೇ ಗುರು. ಪ್ರಾರ್ಥನೆ ಮಾಡಿ, ಗ್ರಂಥವನ್ನು ತೆರೆದುಕೊಂಡಲ್ಲಿ ತೆರೆದು, ಬಂದ ಪದವನ್ನು ಓದುತ್ತಾರೆ. ಅದು ಹುಕುಂ. ಆ ದಿನದ ಅಪ್ಪಣೆ.

ಓದಲು ಕೂತವನು ನಮ್ಮ ಡ್ರೈವರ್. ಸಿಟಿ ಬಸ್ಸಿನ ಕೆಲಸ, ಶಿಫ್ಟ್ ಇಲ್ಲದ ದಿನ ಗ್ರಂಥದ ಸೇವೆ. ಅಕ್ಷರ ಅಕ್ಷರವಾಗಿ ಇವಳೇ ಕಲಿಸಿದ್ದು. ಗುರುವಿನ ವಿಷಯಕ್ಕೆ ಶಿಷ್ಯನ ಬಾಯಿಂದಲೇ ಅಪ್ಪಣೆ! ಅವನ ಕುತ್ತಿಗೆಯ ಬೆವರು ಹಿಂದಿನ ಸಾಲಿಗೂ ಕಾಣುತ್ತಿತ್ತು. ಬಂದ ಪದದ ಸಾರ: ಗುರುವಿಗೆ ಬೆನ್ನು ಹಾಕಿದವನಿಗೆ ಎಲ್ಲೂ ನೆಲೆಯಿಲ್ಲ, ಅವನು ಅಲೆಯುತ್ತಾನೆ.

ಕಾರ್ಯದರ್ಶಿ ಅರ್ಥ ಹೇಳಿದ. ಅರ್ಧ ಗಂಟೆ. ಕೊನೆಗೆ: ಐವರು ದೀಕ್ಷಿತರ ಮುಂದೆ ನಿಂತು ತಪ್ಪು ಒಪ್ಪಿಕೊಂಡು, ಹೇಳಿದ ಪ್ರಾಯಶ್ಚಿತ್ತ ಮುಗಿಸುವ ತನಕ ಅಕ್ಕ ಗ್ರಂಥದ ಹಿಂದೆ ಕೂರುವಂತಿಲ್ಲ. "ಇದು ಕಮಿಟಿ ಮಾತಲ್ಲ, ಗುರುಗಳ ಮಾತು."

ನಾನು ಏಳಲು ಹೊರಟೆ. ಇವಳು ಹೆಂಗಸರ ಸಾಲಿನಿಂದ ನನ್ನ ಕಡೆ ನೋಡಿದಳು. ಮದುವೆಯಾದಂದಿನಿಂದ ಗೊತ್ತಿರುವ ನೋಟ. ಕೂತೆ.

ಜೂನ್ ೧೦, ಸೋಮವಾರ. ಅಂಗಡಿ

ಗಿರಾಕಿ ಇಲ್ಲ. ಕಡ್ಡಿ ಮುರಿದ ಕನ್ನಡಕ ಒಂದು ಮೇಜಿನ ಮೇಲೆ ಬಿದ್ದಿದೆ. ಸ್ಕ್ರೂ ಎರಡು ಸಲ ನೆಲಕ್ಕೆ ಬಿತ್ತು.

ಆಪರೇಷನ್ನಿಗೆ ಸಹಿ ಹಾಕಿದವನು ನಾನು. ಇವಳಿಗೆ ಪ್ರಜ್ಞೆ ಇರಲಿಲ್ಲ. ನರ್ಸಿಗೆ ಹೇಳಿದ್ದೆ, "ಆದಷ್ಟು ಕಮ್ಮಿ ತೆಗೀರಮ್ಮಾ." ಆ ತಾಯಿ ಗೆರೆ ಹಾಕಿದಂತೆ ಅರ್ಧಕ್ಕೇ ನಿಲ್ಲಿಸಿದಳು. ಕೇಳುವುದಿದ್ದರೆ ನನ್ನನ್ನು ಕೇಳಬೇಕು. ಆದರೆ ನಾನು ದೀಕ್ಷೆ ತೆಗೆದುಕೊಂಡವನಲ್ಲ, ಗಡ್ಡಕ್ಕೆ ಕತ್ತರಿ ಹಾಕುವವನು. ಕೊಟ್ಟ ಮಾತೇ ಇಲ್ಲದವನಿಂದ ಮುರಿಯುವುದೇನು? ಹೀಗಾಗಿ ಕತ್ತರಿ ಹಾಕಲು ಹೇಳಿದವನು ನಿರಪರಾಧಿ, ಮಂಪರಿನಲ್ಲಿ ಮಲಗಿದ್ದವಳು ಅಪರಾಧಿ. ಎಂಥ ನ್ಯಾಯ!

ನಮ್ಮಲ್ಲಿ ಪುರೋಹಿತರಿಲ್ಲ. ಅದೇ ನಮ್ಮ ಹೆಮ್ಮೆ. ದೀಕ್ಷೆಯ ಪ್ರಶ್ನೆ ಎದ್ದರೆ ಐವರು ಕೂತು, ಆ ಮನುಷ್ಯನ ಮಾತು ಕೇಳಿ, ಆಮೇಲೆ ತಪ್ಪೋ ಅಲ್ಲವೋ ಹೇಳಬೇಕು. ಇಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ. ಅದೂ ಕಮಿಟಿಯಿಂದ. ಈ ಕಮಿಟಿ ಹುಟ್ಟಿದ್ದು ಹೇಗೆಂದು ನನಗೆ ನೆನಪಿದೆ — ಚಾವಣಿ ಸೋರುತ್ತಿತ್ತು, ತಗಡು ಹೊದಿಸಲು ಏಳು ಜನರನ್ನು ಆರಿಸಿದೆವು. ತಗಡು ಹೊದಿಸಿದರು. ಇಳಿಯುವುದನ್ನು ಮರೆತರು.

ಇನ್ನೊಂದೂ ನೆನಪಿದೆ. ಹನ್ನೊಂದು ವರ್ಷದ ಹಿಂದೆ ಅಧ್ಯಕ್ಷನ ತಮ್ಮನಿಗೆ, ಅವನೂ ದೀಕ್ಷಿತನೇ, ದವಡೆಯ ಆಪರೇಷನ್. ಗಡ್ಡ ಪೂರಾ ಹೋಯಿತು. ಆಗ ಯಾವ ಗುರುಗಳನ್ನೂ ಯಾರೂ ಏನೂ ಕೇಳಲಿಲ್ಲ. ಕಮಿಟಿಯೇ ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಹೋಯಿತು. ಬುಟ್ಟಿಯಲ್ಲಿ ನನ್ನ ಸೇಬೂ ಇತ್ತು.

ವಾರ್ಷಿಕ ಸಭೆ ಆಗಸ್ಟ್ ಕೊನೆಯ ಭಾನುವಾರ. ಅಲ್ಲಿ ಯಾರು ಬೇಕಾದರೂ ಮೈಕ್ ಮುಂದೆ ನಿಲ್ಲಬಹುದು. ಕೇಳುತ್ತೇನೆ. ದವಡೆಯಿಂದಲೇ ಶುರು.

ಸಂಜೆ. ಅಂಗಡಿಗೆ ಇವಳು ಬಂದಳು. ಕುರ್ಚಿಯಲ್ಲಿ ಕೂರಿಸಿ ಕಣ್ಣು ನೋಡಿದೆ. ಹೋದ ತಿಂಗಳು ಓದಿದ ಸಾಲು ಈ ತಿಂಗಳು ಇಲ್ಲ. ನರಕ್ಕೆ ಪೆಟ್ಟಾಗಿದೆ, ಲೆನ್ಸಿನಿಂದ ಆಗುವುದಲ್ಲ. ಡಾಕ್ಟರು ಅಂದದ್ದು: ಉಳಿದಿರೋದು ಎಷ್ಟು ದಿನ ಉಳಿಯುತ್ತೋ ಹೇಳೋಕಾಗಲ್ಲ.

"ಬಾಯಿಪಾಠ ಇದೆಯಲ್ಲ ನಿನಗೆ" ಅಂದೆ, ಸಮಾಧಾನಕ್ಕೆ.

"ಇದೆ. ಆದ್ರೆ ನಿಮ್ಮ ಮುಖಾನೂ ನಂಗೆ ಬಾಯಿಪಾಠ. ಅಂತ ನೋಡೋದು ಬಿಡ್ಲಾ?"

ಚಾರ್ಟಿನ ದೀಪ ಆರಿಸಿದೆ. ಬೇರೇನು ಮಾಡಲಿ.

ಜೂನ್ ೧೬, ಭಾನುವಾರ

ಗುರುದ್ವಾರಕ್ಕೆ ಬರುವುದಿಲ್ಲ ಅಂದೆ. "ಬರಬೇಡಿ, ಗ್ಯಾಸ್ ಆಫ್ ಮಾಡಿ ಮಲಕ್ಕೊಳ್ಳಿ" ಅಂದಳು. ಹಿಂದೆಯೇ ಹೋದೆ.

ಒಳಗೆ ಕಾಣಲಿಲ್ಲ. ಹುಡುಕಿದರೆ ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ! ಬಲಗೈಯಲ್ಲಿ ಬಟ್ಟೆ, ತೊಡೆಯ ಮೇಲೆ ಯಾರದೋ ಬೂಟು. ಧೂಳು ಒರೆಸಿ, ಜೋಡಿ ಮಾಡಿ ಇಟ್ಟು, ಟೋಕನ್ ಕೊಡುತ್ತಿದ್ದಾಳೆ.

"ಏಳು" ಅಂದೆ. "ಇದು ಪ್ರಾಯಶ್ಚಿತ್ತಕ್ಕೆ ಕೊಡೋ ಕೆಲಸ. ತಪ್ಪು ಒಪ್ಕೊಂಡ ಹಾಗಾಯ್ತು."

"ಅವರಿಗೆ ಶಿಕ್ಷೆ. ನಂಗೆ ಕೆಲಸ. ಓದೋಕೆ ಬಿಡಲ್ಲ ಅಂದ್ರು, ಕೂರೋಕೆ ಬಿಡಲ್ಲ ಅನ್ನಲಿಲ್ಲವಲ್ಲ. ಇಲ್ಲಿಂದ ಮೈಕ್ ಚೆನ್ನಾಗಿ ಕೇಳ್ಸುತ್ತೆ ರೀ."

"ನಿನಗೆ ಮಾನ ಮರ್ಯಾದೆ—"

"ಇಪ್ಪತ್ತೆರಡು ವರ್ಷ ಇವರ ಮುಖ ನೋಡಿದ್ದೆ. ಈಗ ಕಾಲು ಪರಿಚಯ ಆಗ್ತಾ ಇದೆ. ಅಧ್ಯಕ್ಷರ ಹೆಬ್ಬೆರಳು ಎಡಗಡೆ ಬೂಟು ತೂತು ಮಾಡಿದೆ, ಗೊತ್ತಾ? ಪಾಪ, ಮನೇಲಿ ಯಾರೂ ನೋಡ್ಕೊಳ್ಳಲ್ಲ ಅನ್ಸುತ್ತೆ."

ಒಬ್ಬ ಮುದುಕಿ ತನ್ನ ಚಪ್ಪಲಿಯನ್ನು ಇವಳ ಕೈಯಿಂದ ಕಿತ್ತುಕೊಂಡು ಅತ್ತಳು. ಇವಳು ಮತ್ತೆ ಕಿತ್ತುಕೊಂಡು ಒರೆಸಿದಳು. ಇಬ್ಬರೂ ಒಂದು ಚಪ್ಪಲಿಗೆ ಜಗ್ಗಾಡಿ ಕೊನೆಗೆ ನಕ್ಕರು.

ನಾನು ನಗಲಿಲ್ಲ.

ಜೂನ್ ೨೩, ಭಾನುವಾರ

ಎರಡನೆಯ ಅನ್ಯಾಯ. ಇದನ್ನೂ ದಿನ ಸಮೇತ ಬರೆಯುತ್ತೇನೆ. ಕಾರ್ಯದರ್ಶಿ ಮೈಕಿನಲ್ಲಿ: "ಅಕ್ಕ ತಾವಾಗೇ ಸೇವೆಗೆ ಇಳಿದಿದ್ದಾರೆ. ತಪ್ಪಿನ ಅರಿವಾಗಿದೆ. ಇನ್ನು ಐವರ ಮುಂದೆ ನಿಂತುಬಿಟ್ಟರೆ ಎಲ್ಲ ಸುಖಾಂತ." ಜನ ತಲೆದೂಗಿದರು. ಹೇಳಿರಲಿಲ್ಲವೇ ನಾನು?

ಡ್ರೈವರ್ ಬಂದ. ಬರಿಗಾಲಲ್ಲಿ. ಡಿಪೋದಿಂದ ಡಾಂಬರು ರಸ್ತೆಯ ಮೇಲೆ ನಡೆದು ಬಂದಿದ್ದಾನೆ — ತನ್ನ ಬೂಟಿಗೆ ಇವಳು ಕೈ ಹಚ್ಚಬಾರದೆಂದು. ಅಂಗಾಲು ಕೆಂಪಾಗಿತ್ತು.

ಇವಳು ಬೈದಳು: "ಬರಿಗಾಲಲ್ಲಿ ಬ್ರೇಕ್ ಒತ್ತುತ್ತೀಯೇನೋ? ಬಸ್ಸಲ್ಲಿ ಇರೋರೆಲ್ಲ ನಿನ್ನ ಹಾಗೆ ಭಕ್ತರು ಅಂದ್ಕೊಂಡಿದ್ದೀಯಾ?"

ತಲೆ ತಗ್ಗಿಸಿ ಒಳಗೆ ಹೋದ. ನನ್ನನ್ನು ನೋಡಲಿಲ್ಲ. ಆ ಭಾನುವಾರದಿಂದ ಮನೆಗೂ ಬಂದಿಲ್ಲ. ಮೊದಲಾದರೆ "ಭಾವ, ಟೀ ಇದೆಯಾ" ಅಂತ ಅಡುಗೆಮನೆಗೇ ನುಗ್ಗುತ್ತಿದ್ದವನು.

ಜುಲೈ ೪, ಗುರುವಾರ

ಸಿಕ್ಕಿತು.

ಬೆಳಿಗ್ಗೆ ಇವಳು ಟೆರೇಸಿನಲ್ಲಿ ಬಲಗೈಯಿಂದಲೇ ಬಟ್ಟೆ ಹರವುತ್ತಾ ಗುನುಗುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ಕಿವಿ ನೆಟ್ಟಗಾಯಿತು. ಆ ಪದ. ಆ ಭಾನುವಾರದ ಪದ. ಆದರೆ ಇವಳು ಶುರು ಮಾಡಿದ್ದು ಅಲ್ಲಿಂದಲ್ಲ. ಮುಂಚೆ ಬೇರೆ ಸಾಲುಗಳಿದ್ದವು. ಎರಡು, ಮೂರು... ಆಮೇಲೆ ಆ ಅಲೆಯುವವನ ಸಾಲು.

ಪೇಪರ್ ಎಸೆದು ಕಪಾಟಿಗೆ ಓಡಿದೆ. ಟೀಕೆ ಸಹಿತದ ಸಂಪುಟಗಳಿವೆ ನನ್ನ ಬಳಿ. ಆ ದಿನದ ಪುಟಸಂಖ್ಯೆ ಗುರುದ್ವಾರದ ಹಲಗೆಯ ಮೇಲೆ ಬರೆದದ್ದು ನೆನಪಿತ್ತು. ಯಾವ ಪ್ರತಿ ತೆಗೆದರೂ ಪುಟ ಅದೇ, ಅದು ನಮ್ಮಲ್ಲಿರುವ ದೊಡ್ಡ ಅನುಕೂಲ. ನೋಡಿದೆ. ಪದ ಶುರುವಾಗುವುದು ಹಿಂದಿನ ಪುಟದ ಕೊನೆಯಲ್ಲಿ.

ಹುಕುಂ ಓದುವ ನಿಯಮ ಲಿಖಿತವಾಗಿದೆ: ತೆರೆದಾಗ ಎಡಪುಟದ ತಲೆಯಲ್ಲಿ ಇರುವ ಪದ. ಅದು ಹಿಂದಿನ ಪುಟದಲ್ಲೇ ಶುರುವಾಗಿದ್ದರೆ ಪುಟ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದಬೇಕು. ಡ್ರೈವರ್ ತಿರುಗಿಸಲಿಲ್ಲ. ಅರ್ಧದಿಂದ ಓದಿದ.

ಹಿಂದಿನ ಪುಟದಲ್ಲಿ ಏನಿದೆ? ಪದದಲ್ಲಿ ಒಂದು ಸಾಲಿನ ಕೊನೆಗೆ 'ರಹಾವು' ಎಂದಿರುತ್ತದೆ. ನಿಲ್ಲು, ಇಲ್ಲಿ ನಿಂತು ಯೋಚಿಸು ಎಂಬ ಗುರುತು. ಆ ಸಾಲೇ ಬೇರು, ಮಿಕ್ಕವು ಕೊಂಬೆ. ಇಲ್ಲಿ ಆ ಸಾಲು ಹೇಳುವುದು, ನನ್ನ ಮಾತಿನಲ್ಲಿ: ಬಾಗಿಲಿಗೆ ಬಂದವರ ಲೆಕ್ಕ ಕೇಳದೆ ಅವನು ಒಳಗೆ ಕರೆದುಕೊಳ್ಳುತ್ತಾನೆ. ಬೆನ್ನು ಹಾಕಿದವನ ಮಾತು ಬರುವುದು ಅದಾದ ಮೇಲೆ — ಇಂಥ ಬಾಗಿಲು ತೆರೆದಿದ್ದರೂ ಅಲೆಯುತ್ತಾನಲ್ಲ ಎಂಬ ಮರುಕದಲ್ಲಿ. ಬೇರು ಬಿಟ್ಟು ಕೊಂಬೆಯಿಂದ ಬೆತ್ತ ಮಾಡಿದ್ದಾರೆ!

ಮೊದಲು ನನಗೆ ಹೊಳೆದದ್ದು ಕಸುಬಿನ ಸಂಶಯ. ಡ್ರೈವರನ ಓದುವ ಕನ್ನಡಕ ನಾನೇ ಮಾಡಿಕೊಟ್ಟದ್ದು. ಪುಟದ ತಲೆ ಮಸುಕಾಯಿತೇ? ಇಲ್ಲ. ಭಯ ಅದು. ಗುರುವಿನ ತಲೆಯ ಮೇಲೆ ತೀರ್ಪು ಓದುವವನ ಕೈ ಹಿಂದಕ್ಕೆ ಹೋಗಲಿಲ್ಲ.

ಟೆರೇಸಿಗೆ ಹೋದೆ. "ಗೊತ್ತಿತ್ತಾ ನಿನಗೆ?"

ಬಟ್ಟೆಗೆ ಕ್ಲಿಪ್ ಹಾಕುತ್ತಾ, "ಮೊದಲ ಮಾತಿಗೇ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ!"

"ರೀ, ಅವನು ನನ್ನ ಹತ್ತಿರ ಬಂದಾಗ ತನ್ನ ಹೆಸರು ಹೇಳೋಕೇ ಉಗ್ಗುತ್ತಿದ್ದ. ಬಸ್ಸಲ್ಲಿ ಕಂಡಕ್ಟರ್ ಅಣಕಿಸ್ತಾ ಇದ್ದ. ಮೂರು ವರ್ಷ ಕೂತು ಬಿಡಿಸಿದ್ದೀನಿ. ಒಂದೊಂದು ಸಾಲಿಗೂ ಉಸಿರು ಎಲ್ಲಿ ತಗೋಬೇಕು ಅಂತ ತೊಡೆ ತಟ್ಟಿ ಹೇಳಿದ್ದೀನಿ. ಇನ್ನೂರು ಜನರ ಎದುರು ‘ತಪ್ಪು ಓದ್ದೆ’ ಅಂತ ತಡೆದಿದ್ರೆ? ಇನ್ನು ಈ ಜನ್ಮದಲ್ಲಿ ಅವನು ಬಾಯಿ ಬಿಡಲ್ಲ."

"ನಿನ್ನ ಓದು ಹೋಯ್ತಲ್ಲ?"

"ನನ್ನದು ಹೇಗೂ ಮುಗೀತಾ ಬಂತು. ಅವನದು ಈಗ ಶುರು."

ಅಂದವಳೇ ನನ್ನ ಅಂಗಿ ಜಾಡಿಸಿ ತಂತಿಗೆ ಹಾಕಿದಳು. ನೀರು ನನ್ನ ಮುಖಕ್ಕೆ ಹಾರಿತು. ಅದೇ ಒಳ್ಳೆಯದಾಯಿತು.

ಜುಲೈ ೫, ಶುಕ್ರವಾರ

ಡ್ರೈವರ್ ಹೆಸರು ಸಭೆಯಲ್ಲಿ ಎತ್ತಬಾರದಂತೆ. ಆಣೆ ಹಾಕು ಅಂದಳು. ಹಾಕಲಿಲ್ಲ. ಕೈಗೆ ಸಿಕ್ಕ ಸಾಕ್ಷಿ ಬಿಟ್ಟುಕೊಡಲು ನಾನೇನು ಋಷಿಯೇ?

ಟೀ ಬಂತು, ಸಕ್ಕರೆ ಬರಲಿಲ್ಲ. ಕೇಳಲೂ ಇಲ್ಲ ನಾನು.

ಜುಲೈ ೬

ಸಕ್ಕರೆ ಬಂತು. ಆಣೆ ಹಾಕಿದೆ.

ಜುಲೈ ೧೬, ಮಂಗಳವಾರ. ಅಂಗಡಿ

ಕಾರ್ಯದರ್ಶಿ ಬಂದಿದ್ದ. ಗಿರಾಕಿಯಾಗಿ. ಊರಲ್ಲಿ ಬೇರೆ ಕನ್ನಡಕದ ಅಂಗಡಿ ಇಲ್ಲವೇ ಅನ್ನಬೇಕೆಂದಿದ್ದೆ. ಆದರೆ ಕಣ್ಣು ಕಣ್ಣೇ. ಕೂರಿಸಿದೆ. ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಏರಿಸಿ, ಒಂದು ಕಣ್ಣು ಮುಚ್ಚಿ, ಚಾರ್ಟ್ ತೋರಿಸಿದೆ. ಮಧ್ಯದ ಸಾಲಿನಿಂದ ಶುರು ಮಾಡಿದ.

"ಮೇಲಿನಿಂದ ಓದಿ."

"ಮೇಲಿನದು ದೊಡ್ಡಕ್ಷರ, ಅದು ಹೇಗೂ ಕಾಣುತ್ತಲ್ಲ ಅಣ್ಣಾ."

"ಕಾಣೋದನ್ನೂ ಓದಬೇಕು ಸ್ವಾಮಿ. ನಮ್ಮ ಅಂಗಡಿಯಲ್ಲಿ ಅರ್ಧದಿಂದ ಓದಿದ್ರೆ ತಪ್ಪು ನಂಬರ್ ಬೀಳುತ್ತೆ. ಆಮೇಲೆ ಮೆಟ್ಟಿಲು ಇಲ್ಲದ ಕಡೆ ಕಾಲಿಡ್ತೀರಿ."

ಅವನಿಗೆ ತಟ್ಟಲಿಲ್ಲ. ಪ್ರಾಮಾಣಿಕವಾಗಿ ಮೇಲಿನಿಂದ ಓದಿದ. ಅಂದರೆ ಗೊತ್ತಿಲ್ಲ ಅವನಿಗೆ. ಅರ್ಧ ಗಂಟೆ ಅರ್ಥ ಹೇಳಿದವನಿಗೆ ಪದ ಎಲ್ಲಿ ಶುರು ಅಂತಲೇ ಗೊತ್ತಿಲ್ಲ! ಮೋಸ ಮಾಡಿದ್ದರೆ ನನಗೆ ಕೆಲಸ ಸಲೀಸಾಗುತ್ತಿತ್ತು.

ಲೆನ್ಸ್ ಬದಲಾಯಿಸುತ್ತಿದ್ದಾಗ ಅವನೇ ಅಂದ:

"ನಿಮಗೆ ನನ್ನ ಮೇಲೆ ಸಿಟ್ಟಿದೆ. ಇರಲಿ. ಒಂದು ಮಾತು ಹೇಳ್ತೀನಿ ಅಣ್ಣಾ. ಇವತ್ತು ಆಪರೇಷನ್ ಅಂತ ಬಿಟ್ರೆ ನಾಳೆ ಹೆಲ್ಮೆಟ್ ಅಂತಾರೆ, ನಾಳಿದ್ದು ಕೆಲಸ ಸಿಗಲ್ಲ ಅಂತಾರೆ. ಕಟ್ಟೆ ಒಂದು ಕಡೆ ಒಡೆದ್ರೆ ಸಾಕು. ನಮ್ಮನೇಲಿ ಏನಾಯ್ತು ನೋಡಿದ್ರಲ್ಲ."

ನೋಡಿದ್ದೆ. ಮಗ ಕೂದಲು ಕತ್ತರಿಸಿಕೊಂಡು ಬಂದ ದಿನ ಇವನು ಊಟ ಬಿಟ್ಟ. ಮಗ ಮನೆ ಬಿಟ್ಟ.

"ಹುಡುಗ ಫೋನ್ ಮಾಡ್ತಾನಾ?"

"ಅವನ ತಾಯಿಗೆ ಮಾಡ್ತಾನೆ." ಮೂಗಿನ ಮೇಲಿನ ಚೌಕಟ್ಟು ಸರಿಮಾಡಿಕೊಂಡು, "ಸ್ಪೀಕರ್ ಆನ್ ಮಾಡಿಡು ಅಂತ ಅವಳಿಗೆ ಹೇಳಿದ್ದೀನಿ."

ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಆದರೂ ಹಿಡಿದೆ. ಮಗನ ಮೇಲಿನ ದುಃಖಕ್ಕೆ ನನ್ನ ಹೆಂಡತಿಯ ತಲೆ ಏಕೆ?

ಬಲಗಣ್ಣಿಗೆ ಪೊರೆ ಬರುತ್ತಿದೆ, ಹೇಳಿದೆ. ಆಪರೇಷನ್ನೇ ಅಂದ, ಹೆದರಿ. "ಹೆದರಬೇಡಿ. ರೆಪ್ಪೆಗೂದಲು ಮಾತ್ರ ಮುಟ್ಟುತ್ತಾರೋ ಏನೋ, ಕಮಿಟೀಲಿ ಕೇಳ್ಕೊಂಡು ಹೋಗಿ" ಅಂದೆ.

ಬಿಡಲಾಗಲಿಲ್ಲ. ಮನೆಯಲ್ಲಿ ಹೇಳಿದರೆ ಇವಳು ಹೊಟ್ಟೆ ಹಿಡಿದು ನಕ್ಕು, ಆಮೇಲೆ "ಪಾಪ, ಹಾಗನ್ನಬಾರದಿತ್ತು" ಅಂದಳು. ನಕ್ಕ ಮೇಲೆ.

ಜುಲೈ ೩೦

ಆಸ್ಪತ್ರೆ. ಸ್ಕ್ಯಾನ್. ಗಡ್ಡೆ ಮರಳಿಲ್ಲ. ಕಣ್ಣಿನ ಮಾತು ಡಾಕ್ಟರು ಹೆಚ್ಚು ಆಡಲಿಲ್ಲ. ನಾನೂ ಕೇಳಲಿಲ್ಲ. ಕಸುಬು ಬಲ್ಲವನಿಗೆ ಮೌನವೂ ನಂಬರೇ.

ಬರುವಾಗ ಬಸ್ಸು. ಓಡಿಸುತ್ತಿದ್ದವನು ಅವನು. ಕನ್ನಡಿಯಲ್ಲಿ ಇವಳನ್ನು ನೋಡಿದ. ಪ್ರತಿ ತಿರುವಿನಲ್ಲೂ ಬಸ್ಸನ್ನು ಎಷ್ಟು ಮೆತ್ತಗೆ ತಿರುಗಿಸಿದನೆಂದರೆ ಹಿಂದಿನವರು "ಏನಪ್ಪಾ, ಮದುವೆ ದಿಬ್ಬಣಾನಾ?" ಅಂತ ಕೂಗಿದರು.

ಆಗಸ್ಟ್ ೧೩, ಮಂಗಳವಾರ

ಡ್ರೈವರ್ ಮನೆಗೆ ಬಂದ. ಬೂಟು ಹಾಕಿಕೊಂಡಿದ್ದ. ಅದನ್ನು ಬಿಚ್ಚಿ, ತಾನೇ ಜೋಡಿಸಿಟ್ಟು, ಒಳಗೆ ಬಂದು ನೆಲದ ಮೇಲೆ ಕೂತ.

"ಅ-ಅ-ಅಕ್ಕಾ—"

ನಿಂತಿತು. ಇವಳು ತೊಡೆಯ ಮೇಲೆ ಮೆಲ್ಲಗೆ ತಟ್ಟಿದಳು. ಒಂದು. ಎರಡು. ಅವನು ಉಸಿರು ಎಳೆದುಕೊಂಡ.

"ಪುಟ ತಿರುಗಿಸಲಿಲ್ಲ ಅಕ್ಕಾ ನಾನು. ಮನೆಗೆ ಹೋಗೋ ದಾರೀಲೇ ತಪ್ಪು ಮಾಡ್ದೆ ಅನ್ನಿಸ್ತು. ಅವತ್ತಿಂದ ನಿದ್ದೆ ಇಲ್ಲ. ಅಲ್ಲಿ ಕೂತಾಗ, ಹಿಂದಕ್ಕೆ ತಿರುಗಿಸಿದ್ರೆ ಇನ್ನೂ ಕೆಟ್ಟದ್ದು ಬರುತ್ತೇನೋ ಅಂತ... ಹೆದರಿಕೆ."

"ಗುರುಗಳ ಪುಟದಲ್ಲಿ ಕೆಟ್ಟದ್ದು ಬರುತ್ತೇನೋ, ಪೆದ್ದ?"

ಅತ್ತ. ದೊಡ್ಡ ಗಡ್ಡದ ಗಂಡಸು, ಯೂನಿಫಾರ್ಮಿನಲ್ಲಿ. ಇವಳು ದುಪಟ್ಟಾದ ತುದಿ ಕೊಟ್ಟಳು. ನಾನು ಟೀ ಮಾಡಲು ಎದ್ದೆ. ಯಾರಾದರೂ ಮಾಡಬೇಕಲ್ಲ.

ಮರಳಿದಾಗ ಅವನು ಹೇಳುತ್ತಿದ್ದ: ವಾರ್ಷಿಕ ಸಭೆಯ ದಿನ ಓದು ತನ್ನದೇ. ಅಂದಿನ ಹುಕುಂ ಆದ ಮೇಲೆ, ಸಭೆ ಶುರುವಾಗುವ ಮುಂಚೆ, ಕ್ಷಮೆ ಕೇಳಿ ಆ ಪದವನ್ನು ಪೂರ್ತಿ ಓದುತ್ತಾನಂತೆ. ಎಲ್ಲರೆದುರು.

"ಉಗ್ಗು ಬಂದ್ರೆ?" ಕೇಳಿದ್ದು ನಾನೇ. ನಾಲಿಗೆ ಕಚ್ಚಿಕೊಂಡೆ.

"ಬರಲಿ ಭಾವ. ಉಗ್ಗುತ್ತಾ ಓದಿದ್ರೂ ಪದ ಪೂರ್ತಿ ಆಗುತ್ತೆ. ಅವತ್ತು ಉಗ್ಗದೇ ಓದಿದ್ದೆ, ಅರ್ಧ ಆಯ್ತು."

ಇವಳು ನನ್ನ ಮುಖ ನೋಡಿದಳು. ಇಂಥ ಶಿಷ್ಯನನ್ನು ನಾನು ಸಾಕ್ಷಿ ಅಂತ ಲೆಕ್ಕ ಹಾಕಿದ್ದೆ.

ಆಗಸ್ಟ್ ೨೪, ಶನಿವಾರ

ನಾಳೆ ಸಭೆ. ಬೆಳಿಗ್ಗೆಯಿಂದ ವಾದ ಹೊಂದಿಸುತ್ತಿದ್ದೇನೆ. ಇವಳು ಎದುರು ಕೂತು ತಿದ್ದುತ್ತಿದ್ದಾಳೆ.

"ಮೊದಲನೇದು, ಅಧ್ಯಕ್ಷರ ತಮ್ಮನ ದವಡೆ—"

"ಅದು ಬೇಡ."

"ಯಾಕೆ? ಹನ್ನೊಂದು ವರ್ಷದಿಂದ ಜೋಪಾನ ಮಾಡಿದ್ದೀನಿ."

"ಆ ಮನುಷ್ಯ ಆಮೇಲೆ ಎರಡು ವರ್ಷ ಕನ್ನಡಿ ನೋಡಿಲ್ಲ, ಅವನ ಹೆಂಡತಿ ಹೇಳಿದ್ದಾಳೆ. ಅವನ ದವಡೆ ಎಳೆದು ನನ್ನ ತಲೆ ಮುಚ್ಚಬೇಕಾ? ನಂಗೆ ದುಪಟ್ಟಾ ಇದೆ."

ಹೊಡೆದು ಹಾಕಿದೆ. ಹನ್ನೊಂದು ವರ್ಷ ನೀರಿಗೆ ಹೋಯಿತು.

"ಎರಡನೇದು, ಕಾರ್ಯದರ್ಶಿ ಮಗ—"

ಹೇಳಿ ಮುಗಿಸಲಿಲ್ಲ. ಅದನ್ನು ನಾನೇ ಹೊಡೆದೆ.

"ಹಾಗಾದ್ರೆ ಏನು ಕೇಳ್ಲಿ? ಕ್ಷೇಮ ಸಮಾಚಾರಾನಾ?"

"ಓದಿದವನನ್ನ ಕೇಳಬೇಡಿ. ಓದುವಾಗ ಎಲ್ಲರೂ ತಪ್ತಾರೆ, ನಾನೂ ತಪ್ಪಿದ್ದೀನಿ. ಅರ್ಥ ಹೇಳ್ದೋರನ್ನ ಕೇಳಿ. ‘ಗುರುಗಳ ಮಾತು’ ಅಂದ್ರಲ್ಲ, ಪೂರ್ತಿ ಮಾತು ಕೇಳಿಸಿಕೊಂಡಿದ್ರಾ ಅಂತ. ಅಷ್ಟೇ."

ಅಷ್ಟೇ. ನಾಲ್ಕು ಭಾಷೆಯಲ್ಲಿ ಓದಿದವನು ನಾನು, ಎರಡು ತಿಂಗಳು ಹೊಂದಿಸಿದ ವಾದ ಇದರ ಮುಂದೆ ಬೂದಿ. ಬರೆದುಕೊಂಡೆ.

ಐವರ ಮುಂದೆ ನಿಲ್ಲುತ್ತೀಯಾ ಅಂತ ಕೇಳಿದೆ.

"ಕರೆದ್ರೆ ನಿಲ್ತೀನಿ. ಅವರು ಕೇಳಲಿ, ನಾನು ನಡೆದದ್ದು ಹೇಳ್ತೀನಿ, ಅವರು ಏನಂದ್ರೂ ತಲೆ ಬಾಗ್ತೀನಿ. ಆದ್ರೆ ಮೊದಲೇ ತಪ್ಪು ಅಂತ ಬರೆದಿಟ್ಟು ಕರೆಯೋದು ಬೇಡ. ತಲೆ ಬಾಗೋದು ಬೇರೆ ರೀ, ಸುಳ್ಳು ಹೇಳೋದು ಬೇರೆ."

ಸಂಜೆ ತಲೆ ಬಾಚಿದೆ. ಎಡಗಡೆ ಜಡೆ ಹೆಣೆದೆ, ಈಗ ಚೆನ್ನಾಗಿ ಬರುತ್ತದೆ. ಮರದ ಪುಟ್ಟ ಬಾಚಣಿಗೆ — ದೀಕ್ಷೆಯ ಐದು ಗುರುತುಗಳಲ್ಲಿ ಒಂದು — ಎಂದಿನಂತೆ ಆ ಜಡೆಯ ಬುಡಕ್ಕೆ ಸಿಕ್ಕಿಸಲು ಹೋದೆ.

"ಈ ಕಡೆ ನೋಡಿ ಒಂದ್ಸಲ" ಅಂದಳು, ಬಲಗಡೆ ತೋರಿಸಿ. "ಸನ್ಯಾಸಿಗೂ ಆಸೆ ಇರುತ್ತೆ."

ಬೆರಳುದ್ದ ಬೆಳೆದಿದೆ. ಅರ್ಧ ಬೆಳ್ಳಿ, ಅರ್ಧ ಕಪ್ಪು. ಬಾಚಣಿಗೆ ಸಿಕ್ಕಿಸಿದೆ. ಬಿತ್ತು. ಮತ್ತೆ ಸಿಕ್ಕಿಸಿ, ಕೈ ತೆಗೆಯಲು ಧೈರ್ಯ ಸಾಲದೆ ಹಾಗೇ ಹಿಡಿದಿದ್ದೆ.

"ಬಿಡಿ" ಅಂದಳು.

ಬಿಟ್ಟೆ. ನಿಂತಿತು.

ಆಗಸ್ಟ್ ೨೫, ಭಾನುವಾರ. ಚಪ್ಪಲಿ ಸ್ಟ್ಯಾಂಡಿನಲ್ಲಿ

ಇವಳ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಗೀಚುತ್ತಿದ್ದೇನೆ. ಒಳಗೆ ಜಾಗವಿಲ್ಲ. ರ‍್ಯಾಕ್ ತುಂಬಿ ಚಪ್ಪಲಿ ಮೆಟ್ಟಿಲವರೆಗೆ. ಅಧ್ಯಕ್ಷನ ಬೂಟಿಗೆ ಇವಳು ತೇಪೆ ಹಾಕಿಸಿಟ್ಟಿದ್ದಾಳೆ! ಯಾವಾಗ?

ಸ್ಪೀಕರಿನಲ್ಲಿ ಇಂದಿನ ಹುಕುಂ ಮುಗಿಯಿತು. ಈಗ ಡ್ರೈವರನ ದನಿ. ಕ್ಷಮೆ ಕೇಳುತ್ತಿದ್ದಾನೆ. ಜೂನ್ ಒಂಬತ್ತರಂದು ಪುಟ ತಿರುಗಿಸಲಿಲ್ಲ, ಪದದ ಅರ್ಧ ಮಾತ್ರ ಓದಿದೆ, ತಪ್ಪು ನನ್ನದು ಅಂದ. ಒಳಗೆ ಗುಜುಗುಜು. ಅವನು ಆ ಪುಟ ತೆರೆದಿರಬೇಕು. ಹಿಂದಕ್ಕೆ ತಿರುಗಿಸಿದ ಸದ್ದು ಮೈಕಿನಲ್ಲಿ ಕೇಳಿತು. ಒಂದು ಹಾಳೆ. ಇಷ್ಟು ದೊಡ್ಡ ಸದ್ದು.

ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡ. ಇನ್ನೊಮ್ಮೆ. ಮತ್ತೊಮ್ಮೆ. ಯಾರೋ ಕೆಮ್ಮಿದರು. ಇವಳ ಕೈಯಲ್ಲಿ ಒಂದು ಮಗುವಿನ ಚಪ್ಪಲಿ. ಕೆಳಗಿಟ್ಟಳು. ತೊಡೆ ತಟ್ಟಿದಳು. ಅವನಿಗೆ ಇವಳು ಕಾಣುವುದಿಲ್ಲ, ನಡುವೆ ಗೋಡೆ. ಆದರೂ ತಟ್ಟಿದಳು. ಒಂದು. ಎರಡು.

ಬಂತು. ಸಾಲು ಬಂತು. ಇವಳ ತುಟಿ ಅವನ ಜೊತೆ ಆಡುತ್ತಿದೆ. ರಹಾವು. ನಿಂತ. ಒಳಗೆ ಒಂದು ಕೆಮ್ಮೂ ಇಲ್ಲ. ಈಗ ಪುಟ ಮುಂದಕ್ಕೆ. ಅಲೆಯುವವನ ಸಾಲು — ಅದೇ ಸಾಲು, ಬೇರೆಯೇ ಸಾಲು.

ಮುಗಿಯಿತು.

ಕಾರ್ಯದರ್ಶಿ ಏಳಲಿಲ್ಲ. ಅಧ್ಯಕ್ಷನೇ ಮೈಕಿಗೆ ಬಂದ. "ಯಾರದಾದರೂ ಪ್ರಶ್ನೆ ಇದೆಯಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಚಾವಣಿಯ ಖರ್ಚಿಗೆ ಹೋಗುತ್ತಿದ್ದಾನೆ.

ಇವಳು ನನ್ನ ಮೊಣಕೈ ತಿವಿದಳು. "ಏಳಿ, ನ್ಯಾಯಾಧೀಶರೇ. ಮೆತ್ತಗೆ ಕೇಳಿ. ಕೂಗಬೇಡಿ."

ಕೂಗುವುದಿಲ್ಲ. ಹೇಳುವುದನ್ನು ಇಲ್ಲಿ ಒಮ್ಮೆ ಬರೆದುಕೊಂಡು ಏಳುತ್ತೇನೆ:

ಕಾರ್ಯದರ್ಶಿಗಳೇ, ಹಿಂದಿನ ಪುಟದಲ್ಲಿ ಏನಿದೆ ಎಂದು ಈಗ ಎಲ್ಲರೂ ಕೇಳಿದ್ದಾರೆ. ಓದಿದವನು ತನ್ನ ತಪ್ಪು ಒಪ್ಪಿಕೊಂಡಿದ್ದಾನೆ, ಅವನನ್ನು ಬಿಡಿ. ಅರ್ಥ ಹೇಳಿದವರು ನೀವು. ಅರ್ಧಕ್ಕೆ ಅರ್ಧ ಗಂಟೆ ಹೇಳಿದಿರಿ. ಪೂರ್ತಿಗೆ ಒಂದು ಮಾತು ಸಾಕು. ನನ್ನ ಮನೆಗೆ ಬಂದು ಅಲ್ಲ, ಅಂಗಡಿಯಲ್ಲಿ ಅಲ್ಲ. ಇಲ್ಲಿ, ಇದೇ ಮೈಕಿನಲ್ಲಿ, ಬಾಗಿಲ ಬಳಿ ಕೂತಿರುವ ಇವಳಿಗೆ ಕೇಳಿಸುವ ಹಾಗೆ ಹೇಳಿ — ಲೆಕ್ಕ ಕೇಳದ ಆ ಬಾಗಿಲಲ್ಲಿ ಲೆಕ್ಕ ಕೇಳಲು ನಿಮ್ಮನ್ನು ಕೂರಿಸಿದವರು ಯಾರು?